ಪುಣೆಯಲ್ಲಿಟ್ಟ ನಾಲ್ಕು ಬೀಜ

"ಇದ್ರಾಗ ಎಷ್ಟ ವರ್ಷ ಕೆಡಲಾರದಂಗ ಇರತಾವ್ರಿ?"

ಎಮ್ಮೆಯ ಹಿಂದೆ ನಿಂತು, ಮೊಳಕೈ ದಾಟುವ ಪ್ಲಾಸ್ಟಿಕ್ ಕೈಗವಸು ಏರಿಸಿಕೊಳ್ಳುತ್ತಿದ್ದ ದನದ ಡಾಕ್ಟರ್ ಶ್ರೇಯಸ ತಿರುಗಿ ನೋಡಿದ.

ಕೊಟ್ಟಿಗೆಯ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು. ಹುಡುಗಿ ಅಂದರೆ... ಮೂವತ್ತರ ಅಂಚಿನವಳು. ಶಾಲೆಗೆ ಹೊರಟ ಇಸ್ತ್ರಿ ಸೀರೆ, ಹೆಗಲಿಗೊಂದು ಚೀಲ. ಅವಳ ಕಣ್ಣು ಅವನ ಮೇಲಿರಲಿಲ್ಲ. ಅವನ ಕಾಲ ಬಳಿ ಇದ್ದ ಕ್ಯಾನಿನ ಮೇಲಿತ್ತು.

ಕ್ಯಾನಿನ ಬಾಯಿಂದ ಬಿಳಿ ಹೊಗೆ ಉಕ್ಕಿ ಸಗಣಿ ನೆಲದ ಮೇಲೆ ಹರಿಯುತ್ತಿತ್ತು. ಒಳಗೆ ಹೆಪ್ಪುಗಟ್ಟಿಸುವ ನೈಟ್ರೋಜನ್. ಅದರಲ್ಲಿ ಮುಳುಗಿಸಿಟ್ಟ ಸಣ್ಣ ಕೊಳವೆಗಳಲ್ಲಿ ಯಾವುದೋ ದೂರದ ಮುರ್ರಾ ತಳಿಯ ಕೋಣದ ವೀರ್ಯ. ಘೋಡಗೇರಿಯ ಬಾಪುಸಾಹೇಬರ ಎಮ್ಮೆ ಬೆದೆಗೆ ಬಂದು ಹಿಂದಿನ ದಿನದಿಂದ ಒದರುತ್ತಿತ್ತು. ಆ ಕೋಣಕ್ಕೆ ಘೋಡಗೇರಿ ಎಲ್ಲಿದೆ ಅಂತಲೂ ಗೊತ್ತಿರಲಿಕ್ಕಿಲ್ಲ.

"ನಿಮಗ ಎಷ್ಟ ವರ್ಷ ಬೇಕ ಹೇಳ್ರಿ," ಎಂದ ಶ್ರೇಯಸ. "ನೂರು ವರ್ಷ ಇಟ್ರೂ ನಿನ್ನೆ ಇಟ್ಟಂಗ ಇರತಾವ."

"ಕೋಣ ಸತ್ತ ಮ್ಯಾಲೂ?"

"ಕೋಣ ಸತ್ತು, ಅದರ ಮಾಲಕ ಸತ್ತು, ಮಾಲಕನ ಮಕ್ಕಳು ಹೊಲಾ ಹಂಚಕೊಂಡ ಮ್ಯಾಲೂ!"

ಅವಳು ನಗಲಿಲ್ಲ.

"ಹೆಣ್ಣಿಂದೂ ಹಿಂಗ ಇಡಾಕ ಬರತೈತೇನ್ರಿ?"

"ಎಮ್ಮೀದಾ?"

"ಅಲ್ಲ... ಮನಶ್ಯಾರ್ದು."

ಎಮ್ಮೆಯ ಹಗ್ಗ ಹಿಡಿದು ನಿಂತಿದ್ದ ಬಾಪುಸಾಹೇಬರು ನೆಲ ನೋಡತೊಡಗಿದರು. ಮಗಳು ಯಾಕೆ ಕೇಳುತ್ತಿದ್ದಾಳೆ ಎಂಬುದು ಅವರಿಗೆ ಗೊತ್ತಿತ್ತು. ಶ್ರೇಯಸನಿಗೆ ಗೊತ್ತಿರಲಿಲ್ಲ. ಆದರೆ ಕೇಳಿದ್ದಕ್ಕೆ 'ಗೊತ್ತಿಲ್ಲ' ಎನ್ನುವ ಡಾಕ್ಟರರು ನಮ್ಮ ಕಡೆ ಕಡಿಮೆ, ದನದವರಿರಲಿ, ಜನದವರಿರಲಿ.

"ಯಾಕ ಬರೂದಿಲ್ಲ? ಬೀಜ ಬೀಜನ. ಗಂಡಿಂದು ಕೆಡಲಿಲ್ಲ ಅಂದ್ರ ಹೆಣ್ಣಿಂದ್ಯಾಕ ಕೆಡತೈತಿ? ಇಟ್ಟರ ಇರತೈತಿ."

"ಹೌದಾ?!"

ಒಂದೇ ಮಾತು. ಆದರೆ ಆ ಒಂದು ಮಾತಿಗೆ ಅವಳ ಮುಖವೆಲ್ಲ ಬೆಳಗಿತು. ಎಮ್ಮೆ ಗಬ್ಬ ನಿಂತಿತು ಎಂದಾಗ ಹಿಗ್ಗುವ ಮುಖಗಳನ್ನು ಶ್ರೇಯಸ ದಿನಾ ನೋಡುತ್ತಿದ್ದ. ಇಂಥ ಮುಖ ನೋಡಿರಲಿಲ್ಲ. ಅವಳು ಬಸ್ಸಿಗೆ ಓಡಿದ ಮೇಲೂ ಅವನು ಬಾಗಿಲ ಕಡೆಗೇ ನೋಡುತ್ತಿದ್ದ.

"ಡಾಕ್ಟರ್ರ, ಎಮ್ಮಿ ಈ ಕಡಿ ಐತ್ರಿ," ಎಂದರು ಬಾಪುಸಾಹೇಬರು.

* * *

ತ್ರಿಶಲಾ ಹುಕ್ಕೇರಿಯ ಒಂದು ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತಿದ್ದಳು. ಅದು 2005ರ ಬೇಸಿಗೆಗೆ ಮುಂಚಿನ ಮಾತು.

ಅವಳಿಗೊಂದು ಬೇನೆ ಇತ್ತು. ಗರ್ಭಕೋಶದ ಒಳಪದರದಂಥದೇ ಪದರ ಅಂಡಾಶಯದ ಮೇಲೆ ಬೆಳೆದು, ತಿಂಗಳು ತಿಂಗಳೂ ಅಲ್ಲೇ ರಕ್ತ ಕಟ್ಟಿ ಗಂಟಾಗುತ್ತಿತ್ತು. ಒಂದು ಕಡೆಯ ಅಂಡಾಶಯವನ್ನು ಮೊದಲೇ ತೆಗೆದಾಗಿತ್ತು. ಈಗ ಇನ್ನೊಂದು ಕಡೆ ಗಂಟು ಬೆಳೆದಿತ್ತು.

"ಈ ವರ್ಷನ ಆಪರೇಶನ್ ಮಾಡಬೇಕು," ಎಂದಿದ್ದರು ಗೋಕಾಕದ ಲೇಡಿ ಡಾಕ್ಟರ್. "ಆದ ಮ್ಯಾಲ ಬೀಜ ಎಷ್ಟ ಉಳಿತಾವ, ಉಳಿತಾವೋ ಇಲ್ಲೋ ಹೇಳಾಕ ಬರೂದಿಲ್ಲ. ಲಗೂನ ಲಗ್ನ ಮಾಡಿಬಿಡ್ರಿ."

ಲಗ್ನವೆಂಬುದು ದಿನಕ್ಕೆರಡು ಸಲ, ಊಟ ಆದ ಮೇಲೆ ನುಂಗುವ ಗುಳಿಗೆ ಎಂಬಂತೆ!

ಅಂಡಾಣು ಎಂಬುದಕ್ಕೆ ಆ ಡಾಕ್ಟರ್ ಮೊದಲು ಆಡಿದ್ದು ಊರ ಮಾತು, 'ತತ್ತಿ' ಅಂತ, ಅಂದರೆ ಮೊಟ್ಟೆ. ತಾಯಿ ಇಂದುಬಾಯಿ ಎದ್ದೇ ನಿಂತಿದ್ದರು. "ನಾವು ಜೈನರ್ರಿ ಬಾಯಾರ. ನಮ್ಮ ಮನ್ಯಾಗ ಆ ಶಬ್ದನೂ ತಗಿಯೂದಿಲ್ಲ." ಅಂದಿನಿಂದ ಎಲ್ಲರ ಬಾಯಲ್ಲೂ ಅದು ಬೀಜವಾಯಿತು.

ವರಗಳು ಬರುತ್ತಿದ್ದರು. ಬಂದವರಿಗೆ ತ್ರಿಶಲಾ ತಾನೇ ಎಲ್ಲ ಹೇಳಿಬಿಡುತ್ತಿದ್ದಳು. ತಾಯಿ ಒಳಗಿನಿಂದ ಎಷ್ಟು ಕೆಮ್ಮಿದರೂ ನಿಲ್ಲಿಸುತ್ತಿರಲಿಲ್ಲ. "ಹುಳುಕ ಮುಚ್ಚಿ ಎಮ್ಮಿ ಮಾರತಾರವ್ವ, ಮಗಳನ್ನ ಅಲ್ಲ," ಎನ್ನುತ್ತಿದ್ದಳು. ಬಂದವರು ಉಪ್ಪಿಟ್ಟು ಮುಗಿಸಿ, ಪತ್ರ ಹಾಕುತ್ತೇವೆಂದು ಹೋಗುತ್ತಿದ್ದರು. ಪತ್ರ ಬರುತ್ತಿರಲಿಲ್ಲ.

ಗಂಡ ಸಿಗಲಿಲ್ಲವೆಂದು ತ್ರಿಶಲಾ ಬಹಳ ನೊಂದವಳಲ್ಲ. ಆದರೆ ಅವಳಿಗೆ ಮಗು ಬೇಕಿತ್ತು. ಯಾಕೆ ಎಂದು ಕೇಳಿದರೆ ಅವಳ ಬಳಿ ಉತ್ತರವಿರಲಿಲ್ಲ. ಹಸಿವಿಗೆ ಯಾರಾದರೂ ಕಾರಣ ಕೇಳುತ್ತಾರೆಯೇ?

'ಇಟ್ಟರ ಇರತೈತಿ...'

ಆ ದಿನ ಹುಕ್ಕೇರಿಯ ಬಸ್ಸಿನಲ್ಲಿ ಆ ಮಾತನ್ನು ಎಷ್ಟು ಸಲ ಹೇಳಿಕೊಂಡಳೋ! ಬೀಜ ತೆಗೆಸಿ ಇಟ್ಟರೆ ಆಪರೇಶನ್ ಆಗಲಿ, ವರ್ಷಗಳು ಹೋಗಲಿ. ಉಪ್ಪಿಟ್ಟು ತಿನ್ನಲು ಬರುವವರ ಮುಂದೆ ತಲೆ ತಗ್ಗಿಸಬೇಕಿಲ್ಲ. ಮನಸ್ಸಿಗೆ ಬಂದವನು ಬಂದಾಗ ಬರಲಿ!

* * *

ಪುಣೆಯಲ್ಲಿ ಅಂಥ ಆಸ್ಪತ್ರೆ ಇದೆಯೆಂದು ಸೋದರಮಾವ ಹುಡುಕಿ ಹೇಳಿದ. ಬಾಪುಸಾಹೇಬರು ಮಗಳನ್ನು ಕರೆದುಕೊಂಡು ಹೋದರು. ಅಲ್ಲಿನ ಡಾಕ್ಟರ್ ನರೆಗೂದಲಿನ ಹೆಂಗಸು; ಮರಾಠಿಯಲ್ಲಿ ನಿಧಾನವಾಗಿ ಮಾತಾಡುವವರು.

"ನೂರು ವರ್ಷ ಇರುತ್ತದೆ ಅಂತ ನಿಮಗೆ ಯಾರು ಹೇಳಿದರು?"

"ನಮ್ಮೂರ ಕಡೆಯ ಡಾಕ್ಟರು."

"ಯಾವ ಡಾಕ್ಟರು?"

"...ದನದ ಡಾಕ್ಟರು."

ಪಕ್ಕದಲ್ಲಿದ್ದ ಕಿರಿಯ ಡಾಕ್ಟರ್ ಮುಖ ತಿರುಗಿಸಿಕೊಂಡು ನಕ್ಕಳು. ಹಿರಿಯಾಕೆ ನಗಲಿಲ್ಲ. ಗಂಡಿನ ವೀರ್ಯಾಣು ಬಹಳ ಸಣ್ಣದು, ಅದರಲ್ಲಿ ನೀರು ಬಹಳ ಕಡಿಮೆ, ಅದು ಚಳಿ ತಡೆಯುತ್ತದೆ ಎಂದರು. ಹೆಣ್ಣಿನ ಬೀಜ ದೊಡ್ಡದು, ಒಳಗೆಲ್ಲ ನೀರು. ಆ ನೀರು ಹೆಪ್ಪುಗಟ್ಟುವಾಗ ಸೂಜಿಯಂಥ ಹರಳಾಗಿ ಒಳಗಿನಿಂದಲೇ ಚುಚ್ಚುತ್ತದೆ.

"ಹತ್ತು ಇಟ್ಟರೆ ಐದಾರು ಬದುಕಬಹುದು. ಬದುಕಿದ್ದರಿಂದ ಮಗು ಆಗೇ ಆಗುತ್ತದೆ ಅಂದರೆ ನಾನು ಸುಳ್ಳು ಹೇಳಿದಂತೆ. ಆಗುವುದಿಲ್ಲ ಅಂದರೂ ಸುಳ್ಳೇ. ಗಂಡ ಇದ್ದಿದ್ದರೆ ಬೇರೆ ಮಾತಿತ್ತು. ಇಬ್ಬರದೂ ಕೂಡಿಸಿ, ಭ್ರೂಣ ಮಾಡಿ ಇಟ್ಟರೆ ಚೆನ್ನಾಗಿ ತಡೆಯುತ್ತದೆ."

ಮತ್ತೆ ಗಂಡ!

ಪುಣೆಯಿಂದ ಘೋಡಗೇರಿಯ ತನಕ ತ್ರಿಶಲಾ ಕಿಟಕಿಯ ಹೊರಗೇ ನೋಡುತ್ತ ಬಂದಳು. ಆ ಕಿರಿಯಾಕೆಯ ನಗು ಕಿವಿಯಲ್ಲಿತ್ತು. ಸಿಟ್ಟು ಯಾರ ಮೇಲೆ ತೀರಿಸಬೇಕೆಂಬುದೂ ಅವಳಿಗೆ ಸ್ಪಷ್ಟವಿತ್ತು.

* * *

ದನದ ದವಾಖಾನೆಯ ಅಂಗಳದಲ್ಲಿ ಶ್ರೇಯಸ ಆಕಳ ಕರುವಿನ ಬಾಯಿ ತೆರೆದು ಔಷಧ ಸುರಿಯುತ್ತಿದ್ದ. ಅವಳನ್ನು ನೋಡಿ ಅವನ ಮುಖ ಅರಳಿತು. ಅರಳಿದ್ದು ಬಹಳ ಹೊತ್ತು ಉಳಿಯಲಿಲ್ಲ.

"ನೂರು ವರ್ಷ ಅಂದಿದ್ರಲ್ಲ? ನಿಮ್ಮ ಮಾತ ನಂಬಿ ಪುಣೆತನಾ ಹೋಗಿ ನಗೆಗೇಡ ಆಗಿ ಬಂದೆ. ಗೊತ್ತಿರಲಾರದ್ದನ್ನ ಯಾಕ ಹೇಳಿದ್ರಿ?"

ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ತನ್ನ ಬೇನೆ, ಆಗಬೇಕಾದ ಆಪರೇಶನ್, ನೀರಿನ ಹರಳು, ಭ್ರೂಣ ಮಾಡಿ ಇಡುವ ಮಾತು. ಅವನು ಕೇಳುತ್ತ ಕೇಳುತ್ತ ಬಿಳಿಚಿದ.

"ನನಗ ಗೊತ್ತಿರಲಿಲ್ಲ," ಎಂದ ಕೊನೆಗೆ. "ನೀವು ನಿಮ್ಮ ಸಲುವಾಗಿ ಕೇಳಾಕತ್ತೀರಿ ಅಂತನೂ ಗೊತ್ತಾಗಲಿಲ್ಲ. ತಪ್ಪಾತು. ...ಈಗ ಅವರು ಏನ ಮಾಡ ಅಂದ್ರು?"

"ಏನಂತಾರ? ಗಂಡನ್ನ ಹುಡಿಕ್ಕೊಂಡ ಬಾ ಅಂದ್ರು."

ಕರು ಕೊಸರಿಕೊಂಡು ಓಡಿತು. ಶ್ರೇಯಸ ಅದನ್ನು ಹಿಡಿಯಲು ಹೋಗಲಿಲ್ಲ.

"ಹಂಗಾರ... ನಾ ಆಗತೇನಿ."

"ಏನು?"

"ನನ್ನ ಲಗ್ನ ಆಗ್ರಿ. ನಾನೂ ನಿಮ್ಮವನ, ಮೂಡಲಗಿಯ ಜೈನರಾಂವ. ಮನ್ಯಾಗ ಅವ್ವ ಒಬ್ಬಾಕಿ ಅದಾಳ. ಈ ತಿಂಗಳದಾಗ ಮಾಡಕೊಂಡ್ರ ನಿಮ್ಮ ಆಪರೇಶನ್ನಿಗೆ ಮದಲ..."

ಮದುವೆ ಕೇಳಲು ಜಗತ್ತಿನಲ್ಲಿ ಎಷ್ಟೋ ರೀತಿ ಇವೆ. ಆಪರೇಶನ್ನಿನ ತಾರೀಖು ಹಿಡಿದು ಕೇಳುವುದು ಅವುಗಳಲ್ಲಿ ಎಲ್ಲಕ್ಕಿಂತ ಕೆಟ್ಟದ್ದು. ಪಾಪ, ಅವನಿಗೆ ಅದು ತಿಳಿಯಲಿಲ್ಲ.

ತ್ರಿಶಲಾಳ ಕಣ್ಣು ಉರಿದವು.

"ದಂಡಾ ಕಟ್ಟಾಕ ಬಂದೀರೇನು? ಸುಳ್ಳ ಹೇಳಿದ್ದಕ್ಕ ತಾಳಿ ಕಟ್ಟಿ ಚುಕ್ತಾ ಮಾಡತೀರಿ? ಒಲ್ಲೆ. ನಿಮ್ಮ ಕರುಣಾ ನಿಮ್ಮ ದನಕ್ಕ ಇಟಗೋರಿ. ಮತ್ತ ಜೀವಾ ಬಂದದ್ದನ್ನ ಬರ್ಫದಾಗ ಕೂಡಿ ಹಾಕಾಕೂ ನಾ ಒಲ್ಲೆ. ಹುಳಾ ಸಾಯಬಾರದಂತ ನೀರ ಸೋಸಿ ಕುಡಿಯೂ ಮನಿ ನಮ್ದು. ಒಂದ ಮಗು ಆದ ಮ್ಯಾಲ ಉಳದದ್ದನ್ನ ಏನ ಮಾಡಬೇಕು? ಚೆಲ್ಲಬೇಕಾ?"

"ನಾ ಹಂಗ ವಿಚಾರ ಮಾಡಿರಲಿಲ್ಲ..."

"ಮಾಡೂದಿಲ್ಲ. ಗಂಡಸರು ಯಾಕ ಮಾಡತೀರಿ? ಕೋಣಂದರ ತಪಾಸ ಮಾಡೇ ಕ್ಯಾನಿಗೆ ಹಾಕತೀರಿ. ನನ್ನ ನೋಡಾಕ ಬಂದ ವರಗೋಳು ಎಲ್ಲಾರೂ ನನ್ನ ಹೊಟ್ಟಿ ಲೆಕ್ಕಾ ಕೇಳ್ಯಾರ. ತನ್ನದು ತಪಾಸ ಮಾಡಿಸಿಕೊಂಡ ಬಂದಾಂವ ಒಬ್ಬನರ ಅದಾನೇನು?"

ಅವಳು ತಿರುಗಿ ನಡೆದಳು. ಬಸ್‌ಸ್ಟ್ಯಾಂಡಿಗೆ ಬಂದು ನಿಂತಳು.

'ಚಂದಾಗಿ ಕೇಳಿದ್ದರೆ...?' ಎಂದೊಂದು ಯೋಚನೆ ಬಂತು. ತ್ರಿಶಲಾ ಅದನ್ನು ಅಲ್ಲೇ ಅದುಮಿದಳು.

* * *

ಗಂಡನಿಲ್ಲದೆಯೇ ಬೀಜ ಇಡಿಸುವುದೆಂದು ಅವಳು ನಿಶ್ಚಯಿಸಿದಳು.

ಇಂದುಬಾಯಿ ರಂಪ ಮಾಡಿದರು. "ಲಗ್ನ ಆಗದ ಹುಡಗಿ ಹಂತಾ ಇಂಜೆಕ್ಷನ್ ಮಾಡಿಸಿಕೊಂಡ್ರ ಮಂದಿ ಏನಂದಾರು? ಅದೂ ಉಳದಾವು ಅನ್ನೂ ಖಾತ್ರಿನೂ ಇಲ್ಲ!"

"ಬಿತ್ತೂ ಮುಂದ ಖಾತ್ರಿ ಕೇಳಿ ಬಿತ್ತತೇವೇನ?" ಎಂದರು ಬಾಪುಸಾಹೇಬರು. ವರ್ಷಕ್ಕೊಮ್ಮೆ ಹೆಂಡತಿಗೆ ಎದುರು ಮಾತಾಡುವ ಮನುಷ್ಯ. ಆ ವರ್ಷದ ಸರದಿ ಅಲ್ಲಿಗೆ ಮುಗಿಯಿತು.

ದಿನಾ ಒಂದು ಇಂಜೆಕ್ಷನ್. ತಿಂಗಳಿಗೆ ಒಂದೇ ಬಲಿಯುವ ಬೀಜ ಒಮ್ಮೆಗೇ ನಾಲ್ಕಾರು ಬಲಿಯಲೆಂದು. ಊರ ನರ್ಸ್ ಮನೆಗೆ ಬಂದು ಚುಚ್ಚುತ್ತಿದ್ದಳು. ನಡುನಡುವೆ ಗೋಕಾಕಕ್ಕೆ ಹೋಗಿ ಸ್ಕ್ಯಾನ್ ಮಾಡಿಸಬೇಕಿತ್ತು. ಔಷಧವನ್ನು ಮಾತ್ರ ಸದಾ ತಂಪಿನಲ್ಲಿಡಬೇಕು. ಅದು ಕಡುಬೇಸಿಗೆ. ಘೋಡಗೇರಿಯಲ್ಲಿ ಕರೆಂಟು ಇರುವ ಹೊತ್ತಿಗಿಂತ ಇಲ್ಲದ ಹೊತ್ತೇ ಹೆಚ್ಚು. ಫ್ರಿಜ್ಜು ಬಟ್ಟೆ ಇಡುವ ಕಪಾಟಿನಷ್ಟೇ ಬೆಚ್ಚಗಿರುತ್ತಿತ್ತು.

ಎರಡನೆಯ ದಿನವೇ ಕಟ್ಟೆಯ ಮೇಲೆ ಒಂದು ಥರ್ಮಾಕೋಲ್ ಡಬ್ಬಿ ಬಂದು ಕುಳಿತಿತು.

"ಬರ್ಫ ಐತ್ರಿ," ಎಂದ ಶ್ರೇಯಸ, ಬೈಕಿನಿಂದ ಇಳಿಯದೆ. ದನದ ಲಸಿಕೆಗೆಂದು ಅವನ ಬಳಿ ಬರ್ಫ ಇರುತ್ತಿತ್ತು. ಅವನಿಗೆ ಸುದ್ದಿ ಮುಟ್ಟಿಸಿದವರು ಬಾಪುಸಾಹೇಬರು.

"ನಾ ಕೇಳಿಲ್ಲ," ಎಂದಳು ತ್ರಿಶಲಾ.

"ಔಷಧ ಕೇಳೇತಿ," ಎಂದು ಬೈಕು ಒದ್ದು ಹೋದ.

ದಿನಾ ಬಂದ. ದಿನಾ ಅಷ್ಟೇ ಮಾತು. ಇಂದುಬಾಯಿ ಚಹಾಕ್ಕೆ ಕರೆದರೂ ಒಳಗೆ ಬರಲಿಲ್ಲ. ಲಗ್ನದ ವಿಷಯ ಮರಳಿ ಎತ್ತಲಿಲ್ಲ.

ಇಂಜೆಕ್ಷನ್ನುಗಳು ತ್ರಿಶಲಾಳನ್ನು ಹಣ್ಣು ಮಾಡಿದವು. ಹೊಟ್ಟೆ ಉಬ್ಬಿತು. ಕಾರಣವಿಲ್ಲದೆ ಅಳು ಬರುತ್ತಿತ್ತು. ಒಂದು ದಿನ ಕಣ್ಣು ಒರೆಸಿಕೊಳ್ಳುತ್ತಿದ್ದಾಗಲೇ ಅವನು ಬಂದುಬಿಟ್ಟ.

"ಭಾಳ ನೋವಾಗತೈತೇನ್ರಿ?"

"ನಿಮ್ಮ ಎಮ್ಮಿಗೋಳಿಗೆ ಒಮ್ಮೆರ ಇದನ್ನ ಕೇಳೀರೇನು?"

"ಕೇಳೇನ್ರಿ. ಒದ್ದಾವ."

ತ್ರಿಶಲಾ ನಕ್ಕುಬಿಟ್ಟಳು! ಅಳುತ್ತಲೇ ನಕ್ಕಳು. ಅವನೂ ನಕ್ಕ. ಆ ಹೊತ್ತಿಗೆ ಅವನು ಬೈಕಿನಿಂದ ಇಳಿದಿದ್ದ ಎಂಬುದನ್ನು ಇಬ್ಬರೂ ಗಮನಿಸಲಿಲ್ಲ.

ಆಮೇಲೆ ಅವಳು ಬೆಳಿಗ್ಗೆ ಎದ್ದೊಡನೆ ಬೈಕಿನ ಸದ್ದಿಗೆ ಕಿವಿಗೊಡತೊಡಗಿದಳು. ಅವನು ಹೋದ ಮೇಲೆ ಡಬ್ಬಿಯ ಮುಚ್ಚಳ ತೆಗೆದು ಸುಮ್ಮನೆ ಬರ್ಫ ಮುಟ್ಟುತ್ತಿದ್ದಳು.

'ಇದಕ್ಕೇನ ಹೆಸರು, ತ್ರಿಶಲಾ?' ಎಂದು ತನ್ನನ್ನೇ ಕೇಳಿಕೊಂಡಳು.

ಹೆಸರು ಗೊತ್ತಿತ್ತು. ಅವನ ಮೇಲೆ ಪ್ರೀತಿ ಬಂದಿತ್ತು. ಆಪರೇಶನ್ ಮುಗಿಸಿ ಬಂದ ಮೇಲೆ ಹೇಳಿಬಿಡುವುದೆಂದು ಅವಳು ತೀರ್ಮಾನಿಸಿದಳು.

* * *

ಪುಣೆಯಲ್ಲಿ ಮಂಪರು ಕೊಟ್ಟು, ಸೂಜಿಯಿಂದ ಬೀಜಗಳನ್ನು ಎಳೆದು ತೆಗೆದರು. ಸಿಕ್ಕಿದ್ದು ಆರು. ಬಲಿತವು ನಾಲ್ಕೇ. ಆ ನಾಲ್ಕನ್ನು ಹೆಪ್ಪುಗಟ್ಟಿಸಿ ಇಟ್ಟರು.

"ಮುಂದೆ ಬೇಕಾದಾಗ ಎಷ್ಟನ್ನು ಹೊಟ್ಟೆಗೆ ಬಿಡುತ್ತೀರೋ ಅಷ್ಟನ್ನೇ ಕೂಡಿಸಬೇಕು," ಎಂದು ತ್ರಿಶಲಾ ಕರಾರು ಹಾಕಿದಳು. "ಜೀವ ಬಂದದ್ದು ಒಂದೂ ಹೊರಗೆ ಉಳಿಯಬಾರದು."

ನರೆಗೂದಲಿನ ಡಾಕ್ಟರ್ ಅವಳನ್ನು ಕ್ಷಣ ಹೊತ್ತು ನೋಡಿದರು. "ಹಾಗೇ ಮಾಡೋಣ," ಎಂದರು.

ಮುಂದೆ ಅಲ್ಲೇ ಗಂಟಿನ ಆಪರೇಶನ್ ಆಯಿತು. ಅಂಡಾಶಯದಲ್ಲಿ ಉಳಿದದ್ದು ಹೆಚ್ಚೇನಿಲ್ಲ, ಇನ್ನು ಆ ನಾಲ್ಕನ್ನೇ ನಂಬಬೇಕು ಎಂದರು.

ಘೋಡಗೇರಿಗೆ ಬಂದ ಮರುದಿನ ತ್ರಿಶಲಾ ತಲೆ ಬಾಚಿ, ಕಟ್ಟೆಯ ಮೇಲೆ ಕುಳಿತಳು. ಬೈಕು ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ವಾರ ಕಳೆಯಿತು.

"ಶ್ರೇಯಸ ಡಾಕ್ಟರ್ರು ಕೌಜಲಗಿಗೆ ವರ್ಗಾ ಮಾಡಿಸಿಕೊಂಡಾರಂತ," ಎಂದರು ಬಾಪುಸಾಹೇಬರು ಊಟಕ್ಕೆ ಕುಳಿತಾಗ. "ತಾವ ಕೇಳಿ ಹಾಕಿಸಿಕೊಂಡಾರಂತ."

ತಾವೇ ಕೇಳಿ!

ತ್ರಿಶಲಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ಎಲ್ಲ ಸರಿಹೋಗಿತ್ತು, ಲೆಕ್ಕ ಎಲ್ಲಿಯೂ ತಪ್ಪಿರಲಿಲ್ಲ. ತಪ್ಪು ಮಾಡಿದ, ಬರ್ಫ ತಂದ, ಅವಳ ಕೆಲಸ ಮುಗಿಯಿತು, ಅವನ ದಂಡ ತೀರಿತು. ತಾನೇ ಅಂದಿದ್ದಳಲ್ಲ, ಕರುಣೆ ದನಕ್ಕಿರಲಿ ಎಂದು?

ಆ ದಿನ ಹಿತ್ತಲಲ್ಲಿ ಕುಳಿತು ಅತ್ತಳು. ಇಂಜೆಕ್ಷನ್ ನಿಂತು ಬಹಳ ದಿನವಾಗಿತ್ತು. ದೂರಲು ಈ ಸಲ ಅದೂ ಇರಲಿಲ್ಲ.

* * *

ಸುದ್ದಿಗೆ ಬರ್ಫದ ಡಬ್ಬಿ ಬೇಕಿಲ್ಲ. ಕೆಡದೆ ಊರೂರು ತಿರುಗುತ್ತದೆ. 'ಬಾಪುಸಾಹೇಬರ ಮಗಳದು ಪುಣೆದಾಗ ಇಟ್ಟಾರಂತ' ಎಂಬ ಮಾತು ಹಬ್ಬಿತು. ಇಂದುಬಾಯಿ ಹೆದರಿದಂತೆ ಯಾರೂ ಉಗುಳಲಿಲ್ಲ. ಬದಲಿಗೆ ವರ ಬಂದ!

ಮಮದಾಪುರದ ಅರಿಹಂತ. ಮೊದಲ ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಜೊತೆಗೆ ಬಂದ ಭಾವೀ ಅತ್ತೆ ಉಪ್ಪಿಟ್ಟು ಮುಟ್ಟುವ ಮೊದಲೇ ಕೇಳಿದಳು.

"ಎಷ್ಟ ಅದಾವ?"

"ನಾಕು," ಎಂದರು ಇಂದುಬಾಯಿ, ಹೊಲದ ಎಕರೆ ಹೇಳುವ ಧಾಟಿಯಲ್ಲಿ.

"ಅದ್ರಾಗ ಗಂಡು ಎಷ್ಟ?"

"ಅದು ನಿಮ್ಮ ಹುಡುಗನ ಕಡಿಂದ ಬರೂದ್ರಿ," ಎಂದಳು ತ್ರಿಶಲಾ. "ಆ ಲೆಕ್ಕಾ ಅವರನ್ನ ಕೇಳ್ರಿ." ನಂತರ ಅರಿಹಂತನ ಕಡೆ ತಿರುಗಿದಳು. "ಮೊದಲಿನವರಿಗೆ ಮಕ್ಕಳಾಗಲಿಲ್ಲ ಅಂದ್ರಿ. ನೀವು ತಪಾಸ ಮಾಡಿಸೀರೇನ್ರಿ?"

"ನನಗೇನಾಗೇತಿ?" ಎಂದ ಅವನು, ನಿಜವಾಗಿಯೂ ಆಶ್ಚರ್ಯಪಟ್ಟು.

ಇಷ್ಟಾದ ಮೇಲೆ ಅವರು ಎದ್ದು ಹೋಗುತ್ತಾರೆಂದು ತ್ರಿಶಲಾ ಅಂದುಕೊಂಡಳು. ಹೋಗಲಿಲ್ಲ. "ಹುಡಗಿ ಬಾಯಿ ಚುರುಕೈತಿ, ಅಡ್ಡಿಯಿಲ್ಲ," ಎಂದು ಅತ್ತೆ ಎರಡನೆಯ ಸಲ ಉಪ್ಪಿಟ್ಟು ಹಾಕಿಸಿಕೊಂಡಳು. ಲಗ್ನಕ್ಕೆ ದಿನ ನೋಡುವ ಮಾತಾಡಿ ಹೋದರು.

ಇಂದುಬಾಯಿಗೆ ಸಂತೋಷದಿಂದ ಕೈಕಾಲೇ ಆಡಲಿಲ್ಲ. "ನೋಡಿದ್ಯಾ, ನಿನ್ನ ಹಟಾನ ನಿನಗ ಗಂಡನ್ನ ತಂತು!"

"ಅವರು ನನ್ನ ನೋಡಾಕ ಬಂದಿರಲಿಲ್ಲವ್ವ," ಎಂದಳು ತ್ರಿಶಲಾ. "ಪುಣೆದಾಗಿನ ನಾಕ ನೋಡಾಕ ಬಂದಿದ್ರು. ಆ ನಾಕೂ ಕೆಟ್ಟಾವು ಅಂತ ನಾಳೆ ಫೋನ್ ಬಂದ್ರ, ಸಂಜಿಕ ಇಲ್ಲ ಅಂತಾರ."

ಹೇಳುತ್ತಿದ್ದಂತೆ ಅವಳಿಗೇ ಒಂದು ಹೊಳೆಯಿತು. ಶ್ರೇಯಸ ಲಗ್ನ ಕೇಳಿದಾಗ ಒಂದು ಬೀಜವೂ ಹೊರಗಿರಲಿಲ್ಲ. ಬೇನೆ ಇತ್ತು, ಆಪರೇಶನ್ ಇತ್ತು, ತನ್ನ ನಾಲಿಗೆ ಇತ್ತು. ಅಷ್ಟನ್ನೇ ನೋಡಿ ಕೇಳಿದ್ದ.

ಅದು ದಂಡವೇ ಆಗಿದ್ದರೆ, ಅವಳು ಒಲ್ಲೆ ಎಂದಾಗ ಅವನಿಗೆ ಹಗುರಾಗಬೇಕಿತ್ತು. ದಿನಾ ಬರ್ಫ ಯಾಕೆ ತಂದ? ತಂದವನು ಮತ್ತೆ ಯಾಕೆ ಹೋದ?

"ಮಮದಾಪುರದವರಿಗೆ ಒಲ್ಲೆ ಅಂತ ಹೇಳಿ ಕಳಸ್ರಿ ಅಪ್ಪಾ," ಎಂದಳು. "ನಾನು ಕೌಜಲಗಿಗೆ ಹೋಗಿ ಬರತೇನಿ."

ಇಂದುಬಾಯಿ ಬಾಯಿ ತೆರೆದರು. ಬಾಪುಸಾಹೇಬರು ಮುಂದಿನ ವರ್ಷದ ಸರದಿಯನ್ನು ಮುಂಗಡ ತೆಗೆದುಕೊಂಡರು. "ಹೋಗಲಿ ಬಿಡ," ಎಂದರು.

* * *

ಗೋಕಾಕದಲ್ಲಿ ಬಸ್ಸು ಬದಲಿಸಿ ಕೌಜಲಗಿ ಮುಟ್ಟುವಾಗ ಬಿಸಿಲೇರಿತ್ತು. ದನದ ದವಾಖಾನೆಯ ಮುಂದೆ ಉದ್ದಪ್ಪ ಎಂಬ ರೈತ ಹಟಮಾರಿ ಎಮ್ಮೆಯೊಂದನ್ನು ಹಿಡಿದುಕೊಂಡು ನಿಂತಿದ್ದ.

ಶ್ರೇಯಸ ಸೊರಗಿದ್ದ. ಅವಳನ್ನು ನೋಡಿ ಕೈಯಲ್ಲಿದ್ದ ಔಷಧದ ಬಾಟಲಿಯನ್ನು ಮೇಜಿನ ಮೇಲಿಟ್ಟ.

"ದಂಡಾ ತೀರಿತೇನ್ರಿ ಡಾಕ್ಟರ್ರ?"

"ಮಮದಾಪುರದಾಗ ಗಟ್ಟಿ ಆತಂತ ಕೇಳಿದೆ," ಎಂದ ಅವನು. "ಚಲೋ ಆತು."

"ನಾ ಒಲ್ಲೆ ಅಂದೆ. ನನ್ನ ಮಾತಿಗೆ ಉತ್ತರಾ ಕೊಡ್ರಿ. ಯಾಕ ಬಂದ್ರಿ ಇಲ್ಲಿಗೆ?"

ಅವನು ಕಿಟಕಿಯ ಕಡೆ ನೋಡುತ್ತ ಹೇಳಿದ.

"ಗಂಡಸರು ಯಾರರ ತಪಾಸ ಮಾಡಿಸ್ಯಾರೇನು ಅಂತ ಕೇಳಿದ್ರಲ್ಲ... ನೀವು ಪುಣೆದಾಗ ಇದ್ದಾಗ ಬೆಳಗಾವಿಗೆ ಹೋಗಿ ಮಾಡಿಸಿದೆ. ತಿರುಗಿ ಬಂದು ಚಂದಾಗಿ ಕೇಳೂದು ಅಂತ ಮಾಡಿದ್ದೆ. ನಂದು ಸರಿ ಐತಿ ಅಂತ ಹೇಳಿ, ಆಮ್ಯಾಲ ಕೇಳೂದು ಅಂತ."

"ಮತ್ತ?"

"ಸರಿ ಇಲ್ಲ." ಅವನ ದನಿ ಇಳಿಯಿತು. "ಎರಡ ಸಲ ನೋಡಿದ್ರು. ಕೋಟಿಗಟ್ಲೆ ಇರಬೇಕಾದಲ್ಲಿ ನಂದರಾಗ ಹುಡುಕಿದ್ರ ಅಲ್ಲೊಂದು ಇಲ್ಲೊಂದು. ಜಿಲ್ಲಾದ ಎಮ್ಮಿಗೋಳನ್ನೆಲ್ಲಾ ಗಬ್ಬ ಕಟ್ಟಸತೇನಿ. ನನ್ನ ಹಣೇಬಾರ ನೋಡ್ರಿ!"

ನಗಲು ನೋಡಿದ, ಆಗಲಿಲ್ಲ.

"ನಿಮ್ಮವು ಇರೂವು ನಾಕ. ಎಷ್ಟ ನೋವು ತಿಂದು ಇಡಿಸೀರಿ ಅನ್ನೂದು ನಾ ಕಣ್ಣಲೆ ನೋಡೇನಿ. ಅಂಥಾವು ನನ್ನ ಕೈಯಾಗ ಹಾಳಾಗಬಾರದು ಅನಸ್ತು. ನೀವು ಎದರಿಗೆ ಬಂದ್ರ ಕೇಳಿಬಿಡತಿದ್ದೆ. ಅದಕ್ಕ ದೂರ ಬಂದೆ."

ತ್ರಿಶಲಾಳ ಇಷ್ಟು ದಿನದ ಸಿಟ್ಟು ಎಲ್ಲಿ ಹೋಯಿತೋ! ಅವಳಿಗೆ ಅವನ ಮೇಲೆ ಕನಿಕರ ಬಂತು. ಕನಿಕರ ಅಂದರೆ ಅವಮಾನವೆಂದು ತಾನು ತಿಳಿದಿದ್ದು ಎಷ್ಟು ತಪ್ಪು ಎಂದೂ ಅನಿಸಿತು.

"ಡಾಕ್ಟರ್ರ, ಎಮ್ಮಿ ನಿಂದ್ರವಲ್ದರಿ!" ಎಂದು ಹೊರಗಿನಿಂದ ಉದ್ದಪ್ಪ ಕೂಗಿದ.

"ಸ್ವಲ್ಪ ತಡಿ ಯಪ್ಪಾ!" ಎಂದಳು ತ್ರಿಶಲಾ. ಆಮೇಲೆ ಶ್ರೇಯಸನ ಕಡೆ ತಿರುಗಿ, "ಖರೆ ಹೇಳ್ರಿ. ಮದಲನೇ ಸಲ ಲಗ್ನ ಯಾಕ ಕೇಳಿದ್ರಿ?"

"ನಿಮ್ಮ ಕೂಡ ಇರಬೇಕನಸಿತ್ತು. ಹಂಗ ನೆಟ್ಟಗ ಹೇಳಾಕ ಧೈರ್ಯಾ ಆಗಲಿಲ್ಲ. ಆಪರೇಶನ್ ನೆವಾ ಸಿಕ್ತು, ಅದನ್ನ ಹಿಡಕೊಂಡೆ."

"ಈಗರ ನೆಟ್ಟಗ ಹೇಳ್ರಿ."

"ಈಗ ಏನ ಹೇಳೂದು? ನನ್ನ ಕಡೆ ಏನೂ ಇಲ್ಲ."

"ಹಂಗಾರ ನಾ ಹೇಳತೇನಿ, ಕೇಳ್ರಿ." ಅವಳು ಹತ್ತಿರ ಬಂದಳು. "ನನಗ ನೀವು ಬೇಕು. ಆ ನಾಕು ಉಳದ್ರ ಉಳೀಲಿ, ಹೋದ್ರ ಹೋಗಲಿ. ಹೋದ್ರ ನಾ ಭಾಳ ಅಳತೇನಿ, ಸುಳ್ಳ ಯಾಕ ಹೇಳಲಿ? ಆದ್ರ ನಿಮ್ಮ ಬಾಜೂ ಕುಂತ ಅಳತೇನಿ."

ಶ್ರೇಯಸನ ಕಣ್ಣು ತುಂಬಿದವು. ದವಾಖಾನೆಯ ವಾಸನೆಯ ಕೈಯಿಂದ ಒರೆಸಿಕೊಳ್ಳಲೂ ಆಗದೆ ನಿಂತ. ಅವಳೇ ಸೆರಗಿನ ತುದಿಯಿಂದ ಒರೆಸಿದಳು.

"ಮತ್ತ... ದನದ ಡಾಕ್ಟರ್ರಿಗೆ ಗೊತ್ತಿಲ್ಲದ್ದು ಇನ್ನೊಂದ ಐತಿ," ಎಂದಳು. "ಹೊಲಿಗಿ ಬಿಚ್ಚೂ ಮುಂದ ಪುಣೆ ಬಾಯಾರು ಹೇಳಿದ್ರು. ಬರ್ಫದಾಗ ಇಟ್ಟ ಬೀಜದ ಮ್ಯಾಲಿನ ಸಿಪ್ಪಿ ಗಟ್ಟಿ ಆಗತೈತಂತ. ಎಂಥಾ ಪೈಲವಾನ ಗಂಡಿಂದಿದ್ರೂ ತಾನಾ ಒಳಗ ಹೋಗಾಕ ಆಗೂದಿಲ್ಲಂತ. ಅದಕ್ಕ ಅವರ ಒಂದನ್ನ ಆರಿಸಿ, ಸಣ್ಣ ಸೂಜಿಲೆ ಒಳಗ ಬಿಡತಾರಂತ. ಒಂದ ಬೀಜಕ್ಕ ಒಂದ."

"ಒಂದಕ್ಕ... ಒಂದಾ?"

"ಹೂಂ. ಕೋಟಿ ಎಲ್ಲಾ ನಿಮ್ಮ ಕೋಣಕ್ಕ ಇರಲಿ. ನನಗ ನಾಕಕ್ಕ ನಾಕ ಸಾಕು. ಅಷ್ಟರ ಅದಾವೋ, ಇಲ್ಲೋ?"

ಶ್ರೇಯಸ ನಕ್ಕ. ಎಷ್ಟೋ ದಿನದ ಮೇಲೆ ಹೊಟ್ಟೆಯೊಳಗಿಂದ ಬಂದ ನಗು. ಹೊರಗೆ ಉದ್ದಪ್ಪನ ಎಮ್ಮೆಯೂ ಒಮ್ಮೆ ಒದರಿತು.

"ಅದಾವ," ಎಂದ. "ನಾಕಕ್ಕಿಂತ ಒಂದೀಟ ಹೆಚ್ಚ ಅದಾವ, ತ್ರಿಶಲಾ."

ಅವನು ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ತ್ರಿಶಲಾಳ ಮುಖ ಕೆಂಪಾಯಿತು.

"ಹಂಗಾರ ಮದಲ ಆ ಎಮ್ಮಿ ನೋಡ್ರಿ," ಎಂದಳು, ಸೆರಗು ಸರಿಮಾಡಿಕೊಳ್ಳುತ್ತ. "ಆಮ್ಯಾಲ ನನ್ನ ಕೂಡ ಘೋಡಗೇರಿಗೆ ನಡೀರಿ. ಹೊತ್ತು ಮುಣಗೂದ್ರಾಗ ಮುಟ್ಟಬೇಕು. ಮುಣಗಿದ ಮ್ಯಾಲ ನಮ್ಮವ್ವ ಯಾರಿಗೂ ಉಣ್ಣಾಕ ನೀಡೂದಿಲ್ಲ... ಅಳಿಯಾ ಆದ್ರೂ!"